ಎಂಬಿಬಿಎಸ್ ಸಿಗದ ಡಾಕ್ಟರ್

ಪಿಯುಸಿಯಲ್ಲಿ ಬಯಾಲಜಿ ತಗೊಂಡಿದ್ದವರಿಗೆ ಎಟಿಪಿ ಗೊತ್ತೇ ಇರುತ್ತೆ. ಜೀವಕೋಶದ ಎನರ್ಜಿ ಕರೆನ್ಸಿ ಅಂತ ಬರೆದು ಎರಡು ಮಾರ್ಕ್ಸ್ ತಗೊಂಡಿರ್ತೀರಿ. ಅದನ್ನು ಮೊದಲು ಕಂಡುಹಿಡಿದವರಲ್ಲಿ ಒಬ್ಬರು ನಮ್ಮ ಪಕ್ಕದ ಆಂಧ್ರದವರು. ಮೆಟ್ರಿಕ್‌ನಲ್ಲಿ ಎರಡು ಸಲ ಫೇಲ್ ಆದವರು, ಮೆಡಿಕಲ್ ಪೂರ್ತಿ ಓದಿಯೂ ಎಂಬಿಬಿಎಸ್ ಸಿಗದವರು. ಹೆಸರು ಯಲ್ಲಾಪ್ರಗಡ ಸುಬ್ಬರಾವ್.

ಹುಟ್ಟಿದ್ದು 1895ರ ಜನವರಿ 12ರಂದು, ಭೀಮವರಂನಲ್ಲಿ. ಮನೆಯಲ್ಲಿ ಬಡತನ. ಹುಡುಗನಾಗಿದ್ದಾಗ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡೋಣ ಅಂತ ಮನೆ ಬಿಟ್ಟು ಓಡಿದ್ದರಂತೆ, ಅಮ್ಮ ಹಿಡಿದು ವಾಪಸ್ ಸ್ಕೂಲಿಗೆ ಕಳಿಸಿದರು. ಮೆಟ್ರಿಕ್ ಪಾಸಾಗಿದ್ದು ಮೂರನೇ ಸಲಕ್ಕೆ, ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ. ಈ ನಡುವೆ ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಅಣ್ಣತಮ್ಮಂದಿರು ತೀರಿಹೋದರು. ಅಣ್ಣನನ್ನು ಕೊಂದದ್ದು ಸ್ಪ್ರೂ ಅನ್ನೋ ಕರುಳಿನ ಕಾಯಿಲೆ. ಊಟ ಮೈಗೆ ಹತ್ತದೆ, ರಕ್ತ ಕಮ್ಮಿಯಾಗಿ ಮನುಷ್ಯ ಕರಗಿಹೋಗ್ತಾನೆ. ಆಗ ಅದಕ್ಕೆ ಸರಿಯಾದ ಔಷಧಿ ಇರಲಿಲ್ಲ.

ಮುಂದೆ ಮದ್ರಾಸ್ ಮೆಡಿಕಲ್ ಕಾಲೇಜು. ಗಾಂಧೀಜಿ ವಿದೇಶಿ ಬಟ್ಟೆ ಬಿಡಿ ಅಂದಾಗ ಸುಬ್ಬರಾವ್ ಆಪರೇಷನ್ ಕೋಣೆಗೂ ಖಾದಿ ಹಾಕಿಕೊಂಡು ಹೋದರು. ಸರ್ಜರಿ ಪ್ರೊಫೆಸರ್ ಬ್ರಾಡ್‌ಫೀಲ್ಡ್‌ಗೆ ಅದು ಸರಿಬರಲಿಲ್ಲ. ಥಿಯರಿ ಪೇಪರ್‌ಗಳನ್ನು ಚೆನ್ನಾಗಿ ಬರೆದಿದ್ದರೂ ಕೊನೆಗೆ ಕೈಗೆ ಬಂದಿದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್. ಸರ್ಕಾರಿ ವೈದ್ಯ ಸೇವೆಗೂ ಸೇರಿಸಿಕೊಳ್ಳಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ಮೆಟ್ರಿಕ್‌ನಲ್ಲಿ ಅವರು ನಿಜವಾಗ್ಲೂ ಫೇಲ್ ಆಗಿದ್ದರು. ಸರ್ಜರಿಯಲ್ಲಿ ಆಗಿದ್ದು ಅನ್ಯಾಯ. ಎರಡೂ ಒಂದೇ ಅಲ್ಲ, ಆದ್ರೆ ಮಾರನೇ ದಿನ ಬೆಳಗ್ಗೆ ಎದ್ದಾಗ ಪರಿಸ್ಥಿತಿ ಎರಡರಲ್ಲೂ ಒಂದೇ: ಮುಂದಿನ ಬಾಗಿಲು ಮುಚ್ಚಿದೆ, ಈಗೇನು? ಸುಬ್ಬರಾವ್ ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡೋಕೆ ಸೇರಿಕೊಂಡರು. ಪಾಠ ಮಾಡ್ತಾನೇ ಅಮೆರಿಕಾಗೆ ಹೋಗುವ ದಾರಿ ಹುಡುಕಿದರು. ಸ್ನೇಹಿತರು, ಮಾವ ಎಲ್ಲ ಸೇರಿ ದುಡ್ಡು ಹೊಂದಿಸಿದ ಮೇಲೆ 1923ರಲ್ಲಿ ಬೋಸ್ಟನ್ ತಲುಪಿದರು.

ಅಲ್ಲಿ ಎಲ್‌ಎಂಎಸ್‌ಗೆ ಡಾಕ್ಟರ್ ಕೆಲಸ ಯಾರು ಕೊಡ್ತಾರೆ? ಹಾರ್ವರ್ಡ್‌ನಲ್ಲಿ ಉಷ್ಣವಲಯದ ಕಾಯಿಲೆಗಳ ಡಿಪ್ಲೊಮಾ ಓದುತ್ತಾ, ಹೊಟ್ಟೆಪಾಡಿಗೆ ರಾತ್ರಿ ಆಸ್ಪತ್ರೆಯಲ್ಲಿ ಪೋರ್ಟರ್ ಕೆಲಸ ಮಾಡಿದರು. ಆಮೇಲೆ ಬಯೋಕೆಮಿಸ್ಟ್ರಿಯಲ್ಲಿ ಸೈರಸ್ ಫಿಸ್ಕೆ ಅವರ ಲ್ಯಾಬ್ ಸೇರಿದರು. 1925ರಲ್ಲಿ ಇಬ್ಬರೂ ಸೇರಿ ರಕ್ತ, ಮೂತ್ರದಲ್ಲಿ ರಂಜಕ ಎಷ್ಟಿದೆ ಅಂತ ನೀಲಿ ಬಣ್ಣದ ಗಾಢತೆ ನೋಡಿ ಅಳೆಯುವ ವಿಧಾನ ಪ್ರಕಟಿಸಿದರು. ಒಂದು ಅಳತೆಯ ಸಾಧನ ಸರಿಯಾಗಿ ಕೈಗೆ ಸಿಕ್ಕರೆ ಏನೇನು ಕಾಣುತ್ತೆ ಅನ್ನೋದು ಇಂಜಿನಿಯರಿಂಗ್‌ನವರಿಗೆ ಹೇಳಬೇಕಾಗಿಲ್ಲ. ಅದೇ ವಿಧಾನದಿಂದ 1927ರಲ್ಲಿ ಸ್ನಾಯುವಿನಲ್ಲಿ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಎಟಿಪಿ ಸಿಕ್ಕಿತು. ಅದೇ ವರ್ಷ ಜರ್ಮನಿಯಲ್ಲಿ ಲೋಹ್ಮನ್ ಕೂಡ ಎಟಿಪಿ ಕಂಡುಹಿಡಿದರು. ಸ್ನಾಯುವಿಗೆ ಶಕ್ತಿ ಎಲ್ಲಿಂದ ಬರುತ್ತೆ ಅನ್ನೋ ಪಾಠವನ್ನೇ ತಿದ್ದಿ ಬರೀಬೇಕಾಯಿತು. 1930ರಲ್ಲಿ ಪಿಎಚ್‌ಡಿ ಬಂತು.

ಇಷ್ಟಾದರೂ ಹಾರ್ವರ್ಡ್ ಕಾಯಂ ಹುದ್ದೆ ಕೊಡಲಿಲ್ಲ! 1940ರಲ್ಲಿ ಅದನ್ನು ಬಿಟ್ಟು ಲೆಡರ್ಲಿ ಅನ್ನೋ ಔಷಧ ಕಂಪನಿಯ ಸಂಶೋಧನೆಗೆ ಹೋದರು. ಮುಂದಿನ ಎಂಟು ವರ್ಷ ನೋಡಿ. 1945ರಲ್ಲಿ ಅವರ ತಂಡ ಫೋಲಿಕ್ ಆಸಿಡ್ ತಯಾರಿಸಿತು. ಅದು ಸ್ಪ್ರೂಗೆ ಔಷಧಿ, ಅಣ್ಣನನ್ನು ಕೊಂದ ಅದೇ ಕಾಯಿಲೆಗೆ. ಫೋಲಿಕ್ ಆಸಿಡ್ ಇಲ್ಲದೆ ಜೀವಕೋಶ ವಿಭಜನೆ ಆಗಲ್ಲ. ಹಾಗಾದ್ರೆ ಅದನ್ನು ತಡೆದರೆ ಕ್ಯಾನ್ಸರ್ ಕೋಶವೂ ನಿಲ್ಲಬೇಕಲ್ವಾ? ಅವರ ತಂಡ ಮಾಡಿಕೊಟ್ಟ ಅಮಿನೋಪ್ಟೆರಿನ್ ಅನ್ನು ಬೋಸ್ಟನ್‌ನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳು ಸ್ವಲ್ಪ ಕಾಲವಾದರೂ ಚೇತರಿಸಿಕೊಂಡರು. ಅದರ ತಂಗಿಯಂಥ ಮೆಥೋಟ್ರೆಕ್ಸೇಟ್ ಇವತ್ತಿಗೂ ಬಳಕೆಯಲ್ಲಿದೆ. ಮೊದಲ ಟೆಟ್ರಾಸೈಕ್ಲಿನ್ ಆದ ಆರಿಯೋಮೈಸಿನ್ ಅನ್ನು ಡಗ್ಗರ್ ಕಂಡುಹಿಡಿದಿದ್ದೂ ಇವರು ನಡೆಸುತ್ತಿದ್ದ ಲ್ಯಾಬ್‌ನಲ್ಲೇ.

ಗೆದ್ದರು ಅಂತ ಇಲ್ಲಿಗೆ ಮುಗಿಸಿದರೆ ಅರ್ಧ ಸತ್ಯ. ಮದ್ರಾಸಿನಲ್ಲಿ ಬಿಟ್ಟುಹೋದ ಹೆಂಡತಿ ಶೇಷಗಿರಿ ಅವರನ್ನು ಮತ್ತೆ ನೋಡಲಿಲ್ಲ. ಹೋದ ಮೇಲೆ ಹುಟ್ಟಿದ ಮಗ ಕೂಸಾಗಿದ್ದಾಗಲೇ ತೀರಿಹೋಯಿತು, ಅಪ್ಪ ಮುಖ ಕಾಣಲೇ ಇಲ್ಲ. 1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿಗೆ, ಸುಬ್ಬರಾವ್ ನ್ಯೂಯಾರ್ಕ್‌ನಲ್ಲೇ ನಿಧನರಾದರು. ಫಾರ್ಬರ್ ಫಲಿತಾಂಶ ಪ್ರಕಟವಾಗಿ ಆಗಷ್ಟೇ ಎರಡು ತಿಂಗಳು ದಾಟಿತ್ತು. ಭಾರತ ಸರ್ಕಾರ ಅವರ ಅಂಚೆಚೀಟಿ ತಂದಿದ್ದು 1995ರಲ್ಲಿ.

ಸೆಮಿಸ್ಟರ್ ರಿಸಲ್ಟ್ ಬಂದಾಗ ಬ್ಯಾಕ್ ಉಳಿದವರಿಗೆ ಎಲ್ಲರೂ ಧೈರ್ಯ ತಗೋ ಅಂತಾರೆ. ಸುಬ್ಬರಾವ್ ಕಥೆ ಅಷ್ಟು ಸುಲಭದ ಸಮಾಧಾನ ಕೊಡಲ್ಲ. ಆದ್ರೆ ತಪ್ಪಿಹೋದ ಡಿಗ್ರಿಗಾಗಿ ಕಾಯದೆ ಸಿಕ್ಕ ಕೆಲಸ ಹಿಡಿದರೆ ಎಲ್ಲಿವರೆಗೆ ಹೋಗಬಹುದು ಅಂತ ತೋರಿಸುತ್ತೆ. ಕರಾವಳಿಯಲ್ಲಿ, ಕಲಬುರಗಿ ಕಡೆ ಆನೆಕಾಲು ರೋಗಕ್ಕೆ ಮನೆಮನೆಗೆ ಡಿಇಸಿ ಮಾತ್ರೆ ಹಂಚಿದ್ರಲ್ಲ, ಅದೂ ಅವರ ತಂಡದ್ದೇ. ನಿಮ್ಮಲ್ಲಿ ಕೆಲವರು ಅದನ್ನು ನುಂಗಿರ್ತೀರಿ.