ಲಾರಿಗೆ ತಂಪು ತಂದ ಫ್ರೆಡರಿಕ್ ಜೋನ್ಸ್

ಗಿಡದಿಂದ ಕಿತ್ತ ಮಾತ್ರಕ್ಕೆ ಕಾಯಿಪಲ್ಲೆಯ ಜೀವ ಹೋಗುವುದಿಲ್ಲ. ಕಿತ್ತ ಮೇಲೆಯೂ ಅದು ಉಸಿರಾಡುತ್ತಲೇ ಇರುತ್ತದೆ. ಉಸಿರಾಡಿದಂತೆಲ್ಲ ತನ್ನೊಳಗಿನ ಸಕ್ಕರೆಯನ್ನು ವ್ಯಯಿಸುತ್ತದೆ, ನೀರನ್ನು ಕಳೆದುಕೊಳ್ಳುತ್ತದೆ, ಸುತ್ತಲೂ ಶಾಖವನ್ನು ಹುಟ್ಟಿಸುತ್ತದೆ. ಒತ್ತೊತ್ತಾಗಿ ತುಂಬಿದ ಗೋಣಿಯ ನಡುವೆ ಕೈಯಿಟ್ಟರೆ ಬಿಸಿ ತಾಗುವುದು ಇದರಿಂದಲೇ. ಈ ಉಸಿರನ್ನು ನಿಧಾನಗೊಳಿಸುವ ಮುಖ್ಯ ಉಪಾಯವೆಂದರೆ ತಂಪು. ಆ ತಂಪನ್ನು ರಸ್ತೆಯ ಮೇಲೆ ಓಡುವ ಲಾರಿಯೊಳಗೆ ನೆಲೆಗೊಳಿಸಿದವರಲ್ಲಿ ಅಗ್ರಗಣ್ಯನು ಅಮೇರಿಕದ ಫ್ರೆಡರಿಕ್ ಮೆಕಿನ್ಲಿ ಜೋನ್ಸ್. ನೆಲ ಗುಡಿಸುವ ಕೆಲಸದಿಂದ ಬಾಳನ್ನಾರಂಭಿಸಿದ ಈತನ ಚರಿತ್ರೆಯನ್ನು ನಮ್ಮ ಹೋಟೆಲು ಬಂಧುಗಳೂ ಗುಮಾಸ್ತ ಮಿತ್ರರೂ ಅವಶ್ಯವಾಗಿ ಅರಿಯತಕ್ಕದ್ದು.

ಜೋನ್ಸನು 1893ರ ಮೇ 17ರಂದು ಒಹಾಯೊ ನದಿಯ ದಡದ ಸಿನ್ಸಿನಾಟಿ ಪರಿಸರದಲ್ಲಿ ಜನಿಸಿದನು. ತಾಯಿಯ ಮಡಿಲು ಎಳವೆಯಲ್ಲಿಯೇ ತಪ್ಪಿತು. ರೈಲ್ವೆಯಲ್ಲಿ ದುಡಿಯುತ್ತಿದ್ದ ತಂದೆಯು ಮಗನನ್ನು ಸಾಕಲಾರದೆ ಕ್ಯಾಥೊಲಿಕ್ ಪಾದ್ರಿಯೊಬ್ಬರ ವಶಕ್ಕೆ ಒಪ್ಪಿಸಿದನು. ಅಲ್ಲಿ ಹೊಟ್ಟೆಗೆ ಅನ್ನವೂ ಒಂದಿಷ್ಟು ಅಕ್ಷರಾಭ್ಯಾಸವೂ ದೊರೆತವು. ಹನ್ನೊಂದರ ಆಸುಪಾಸಿನ ವಯಸ್ಸಿನಲ್ಲಿ ಹುಡುಗನು ಆ ಆಶ್ರಯವನ್ನು ತೊರೆದು ಸಿನ್ಸಿನಾಟಿಗೆ ಬಂದು, ಮೋಟಾರು ಗ್ಯಾರೇಜೊಂದರಲ್ಲಿ ಕಸ ಗುಡಿಸುವ ಕೆಲಸಕ್ಕೆ ನಿಂತನು. ಊರು ಬಿಟ್ಟು ಬಂದು ಕಪ್ಪುಬಸಿ ತೊಳೆಯುವುದರಿಂದಲೇ ಬಾಳನ್ನು ತೊಡಗಿದ ನಮ್ಮವರೆಷ್ಟೋ ಮಂದಿಗೆ ಈ ಅಧ್ಯಾಯವು ಅಪರಿಚಿತವಲ್ಲ. ಕೈಯಲ್ಲಿ ಪೊರಕೆಯಿದ್ದರೂ ಅವನ ಕಣ್ಣು ಬಿಚ್ಚಿಟ್ಟ ಎಂಜಿನುಗಳ ಮೇಲಿತ್ತು. ಕೆಲವೇ ವರ್ಷಗಳಲ್ಲಿ ಅವನು ಮೆಕ್ಯಾನಿಕ್ ಆದನು.

1912ರಲ್ಲಿ ಅವನು ಮಿನ್ನೆಸೋಟ ಸಂಸ್ಥಾನದ ಹ್ಯಾಲಕ್ ಎಂಬ ಸಣ್ಣ ಊರನ್ನು ಸೇರಿದನು. ಅಲ್ಲಿಯ ವಿಶಾಲವಾದ ಕೃಷಿಕ್ಷೇತ್ರವೊಂದರಲ್ಲಿ ಯಂತ್ರಗಳನ್ನು ದುರಸ್ತಿ ಮಾಡುವುದು ಅವನ ಉದ್ಯೋಗ. ಹಗಲು ಕೈಕೆಲಸ, ಬಿಡುವಿನಲ್ಲಿ ಯಂತ್ರ ಮತ್ತು ವಿದ್ಯುತ್ತಿನ ಪುಸ್ತಕಗಳ ವ್ಯಾಸಂಗ. ಮೊದಲನೆಯ ಮಹಾಯುದ್ಧದಲ್ಲಿ ಅಮೇರಿಕದ ಸೈನ್ಯದೊಡನೆ ಫ್ರಾನ್ಸಿಗೆ ಹೋಗಿ, ಅಲ್ಲಿ ವಿದ್ಯುತ್ ಕೆಲಸವನ್ನು ನಿರ್ವಹಿಸಿದನು. ಮರಳಿದ ಮೇಲೆ ಹ್ಯಾಲಕ್ ಊರಿನ ರೇಡಿಯೋ ಕೇಂದ್ರಕ್ಕೆ ಪ್ರಸಾರಯಂತ್ರವನ್ನು ತಾನೇ ಕಟ್ಟಿಕೊಟ್ಟನು. ಮೂಕಿ ಚಿತ್ರಗಳು ಹೋಗಿ ಟಾಕಿ ಬಂದಾಗ, ಹಳೆಯ ಸಾಮಾನುಗಳನ್ನೇ ಕೂಡಿಸಿ ಚಿತ್ರಮಂದಿರಕ್ಕೆ ಧ್ವನಿಯಂತ್ರವನ್ನು ಸಿದ್ಧಪಡಿಸಿದನು. ಈ ಕೀರ್ತಿಯನ್ನು ಕೇಳಿದ ಜೋಸೆಫ್ ನ್ಯೂಮೆರೊ ಎಂಬ ಸಿನಿಮಾ ಸಲಕರಣೆಗಳ ವ್ಯಾಪಾರಿಯು ಅವನನ್ನು ಮಿನಿಯಾಪೊಲಿಸ್ ನಗರಕ್ಕೆ ಕರೆಸಿಕೊಂಡನು.

ಈಗ ಲಾರಿಯ ವಿಷಯಕ್ಕೆ ಬರೋಣ. ಮಂಜುಗಡ್ಡೆಯಿಂದ ಪದಾರ್ಥವನ್ನು ಕಾಪಾಡುವುದು ಆ ದೇಶದಲ್ಲಿ ಹೊಸತೇನಾಗಿರಲಿಲ್ಲ. ಕ್ಯಾಲಿಫೋರ್ನಿಯದ ಹಣ್ಣುಗಳು ಮಂಜುಗಡ್ಡೆ ತುಂಬಿದ ರೈಲುಡಬ್ಬಿಗಳಲ್ಲಿ ಪೂರ್ವದ ನಗರಗಳಿಗೆ ಹೋಗುತ್ತಿದ್ದವು. ದಾರಿಯ ನಿಲ್ದಾಣಗಳಲ್ಲಿ ಗಡ್ಡೆಯನ್ನು ಮತ್ತೆ ಮತ್ತೆ ತುಂಬುತ್ತಿದ್ದರು. ಲಾರಿಗೆ ಆ ಸೌಕರ್ಯವೆಲ್ಲಿ? ನಡುದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಗಡ್ಡೆಯು ಕರಗಿ ಹೊರೆಯೆಲ್ಲ ಕೊಳೆಯುತ್ತಿತ್ತು. ರೈತನ ಬೆವರು, ಲಾರಿಯವನ ಬಾಡಿಗೆ, ವರ್ತಕನ ಬಂಡವಾಳ, ಮೂರೂ ಒಂದೇ ಮಧ್ಯಾಹ್ನದಲ್ಲಿ ಮಣ್ಣುಪಾಲಾಗುತ್ತಿದ್ದವು. 1930ರ ದಶಕದ ಕೊನೆಯಲ್ಲಿ ನ್ಯೂಮೆರೊನ ಪರಿಚಿತನಾದ ಲಾರಿ ಮಾಲಿಕನೊಬ್ಬನು ಹೀಗೆಯೇ ಒಂದು ಲಾರಿ ಕೋಳಿಮಾಂಸವನ್ನು ಕಳೆದುಕೊಂಡನು. ಲಾರಿಗೆ ಶೀತಕ ಯಂತ್ರವೊಂದನ್ನು ರಚಿಸುವ ಭಾರವು ಜೋನ್ಸನ ಮೇಲೆ ಬಿತ್ತು.

ಕಟ್ಟಡದಲ್ಲಿ ನಿಲ್ಲಿಸುವ ಶೀತಕ ಯಂತ್ರಗಳು ಆಗಲೇ ಇದ್ದವು. ಆದರೆ ಅವನ್ನು ಲಾರಿಗೇರಿಸಿದರೆ ರಸ್ತೆಯ ಕುಲುಕಾಟಕ್ಕೆ ಕೊಳವೆಗಳು ಬಿರಿಯುತ್ತಿದ್ದವು, ಕೀಲುಗಳು ಸಡಿಲುತ್ತಿದ್ದವು. ಯಂತ್ರವನ್ನು ತಂಪುಗೊಳಿಸುವುದಕ್ಕಿಂತ ಅದನ್ನು ಗಟ್ಟಿಗೊಳಿಸುವುದೇ ಇಲ್ಲಿಯ ಕಠಿಣ ಸಮಸ್ಯೆ. ಹೊಲದ ಯಂತ್ರಗಳೂ ಮೋಟಾರುಗಳೂ ಎಲ್ಲಿ ಮುರಿಯುತ್ತವೆಂಬುದನ್ನು ಜೋನ್ಸನು ಬಾಲ್ಯದಿಂದ ಕೈಯಾರೆ ಅರಿತಿದ್ದನು. 1938ರಲ್ಲಿ ಮೊದಲ ಯಂತ್ರವು ಸಿದ್ಧವಾಯಿತು. ಅದು ಬಲು ಭಾರ. ಲಾರಿಯ ಅಡಿಗೆ ಕೂರಿಸಿದ್ದರಿಂದ ರಸ್ತೆಯ ಕೆಸರು ಅದಕ್ಕೆ ಮೆತ್ತುತ್ತಿತ್ತು. ಅವನು ಎದೆಗುಂದದೆ ಭಾರವನ್ನಿಳಿಸಿ, ಯಂತ್ರವನ್ನು ಸರಕಿನ ಪೆಟ್ಟಿಗೆಯ ಮುಂಭಾಗದ ಎತ್ತರಕ್ಕೇರಿಸಿದನು. ತನ್ನದೇ ಎಂಜಿನುಳ್ಳ ಆ ಯಂತ್ರವು ಒಳಗಿನ ಶಾಖವು ಏರಿದಾಗ ತಾನಾಗಿ ಓಡಿ, ಇಳಿದಾಗ ತಾನಾಗಿ ನಿಲ್ಲುವಂತೆ ಏರ್ಪಡಿಸಿದನು.

ಈ ಕೊನೆಯ ಗುಣವು ಸಾಮಾನ್ಯವಾದುದಲ್ಲ. ಏಕೆಂದರೆ ಎಲ್ಲ ಪದಾರ್ಥಗಳಿಗೂ ಒಂದೇ ತಂಪು ಒಗ್ಗದು. ಕೋಸಿಗೂ ಸೊಪ್ಪಿಗೂ ಸೊನ್ನೆ ಡಿಗ್ರಿಯ ಸಮೀಪದ ತಂಪು ಹಿತ. ಬಾಳೆಹಣ್ಣನ್ನು ಸುಮಾರು 13 ಡಿಗ್ರಿಗಿಂತ ಕೆಳಗಿಟ್ಟರೆ ಸಿಪ್ಪೆ ಕಪ್ಪಾಗುತ್ತದೆ. ಟೊಮೇಟೊ ಕಾಯಿಯು ಅತಿ ತಂಪಿನಲ್ಲಿ ಸರಿಯಾಗಿ ಹಣ್ಣಾಗುವುದೇ ಇಲ್ಲ. ಸರಕಿಗೆ ತಕ್ಕ ತಂಪನ್ನು ದಾರಿಯುದ್ದಕ್ಕೂ ಸ್ಥಿರವಾಗಿ ಇರಿಸಿದಾಗಲೇ ತರಕಾರಿಯು ದೂರದ ಪೇಟೆಯನ್ನು ಸುಖವಾಗಿ ಮುಟ್ಟುತ್ತದೆ.

ನ್ಯೂಮೆರೊ ಸಿನಿಮಾ ವ್ಯಾಪಾರವನ್ನು ಮಾರಿ, ಈ ಯಂತ್ರಕ್ಕಾಗಿಯೇ ಕಂಪನಿಯೊಂದನ್ನು ಸ್ಥಾಪಿಸಿದನು. ಅದೇ ಮುಂದೆ ಥರ್ಮೋ ಕಿಂಗ್ ಎಂದು ಲೋಕವಿಖ್ಯಾತವಾಯಿತು. ಎರಡನೆಯ ಮಹಾಯುದ್ಧದಲ್ಲಿ ಗಾಯಾಳುಗಳಿಗೆ ಬೇಕಾದ ರಕ್ತವನ್ನೂ ಔಷಧಗಳನ್ನೂ ಆಹಾರವನ್ನೂ ಕಾಪಾಡಲು ಜೋನ್ಸನ ಶೀತಕ ಯಂತ್ರಗಳು ನೆರವಾದವು. ಆತನಿಗೆ ದೊರೆತ ಪೇಟೆಂಟುಗಳು 60ಕ್ಕೂ ಹೆಚ್ಚು. ಅವುಗಳಲ್ಲಿ ಸುಮಾರು 40 ಶೀತಕ ಯಂತ್ರಗಳಿಗೆ ಸಂಬಂಧಿಸಿದವು.

ಇಷ್ಟನ್ನು ಸಾಧಿಸಿದವನು ಕರಿಯ ಜನಾಂಗದ ತಾಯಿಯ ಮಗ. ಆ ಕಾಲದ ಅಮೇರಿಕದಲ್ಲಿ ಕರಿಯ ಜನರಿಗೆ ಅನೇಕ ಹೋಟೆಲುಗಳ ಬಾಗಿಲು ಮುಚ್ಚಿತ್ತು. ಕರಿಯ ರೈತನು ಬೆಳೆದ ಹಣ್ಣನ್ನು ಮೇಜಿನ ಮೇಲಿಟ್ಟುಕೊಂಡು, ಅವನನ್ನು ಮಾತ್ರ ಹೊರಗೆ ನಿಲ್ಲಿಸುವ ಆ ಅನ್ಯಾಯದ ನಡುವೆಯೂ, 1944ರಲ್ಲಿ ಶೀತಕ ಎಂಜಿನಿಯರುಗಳ ಅಮೇರಿಕನ್ ಸಂಘವು ಜೋನ್ಸನನ್ನು ಸದಸ್ಯನನ್ನಾಗಿ ಆರಿಸಿತು. ಆ ಗೌರವವು ಕರಿಯ ಜನಾಂಗದವರಲ್ಲಿ ಮೊದಲಿಗೆ ದೊರೆತುದು ಆತನಿಗೇ. 1961ರ ಫೆಬ್ರವರಿ 21ರಂದು ಮಿನಿಯಾಪೊಲಿಸಿನಲ್ಲಿ ಆತನು ಕಾಲವಾದನು. ತಂತ್ರವಿದ್ಯೆಗಾಗಿ ಮೀಸಲಾದ ರಾಷ್ಟ್ರೀಯ ಪದಕವು ಸಂದದ್ದು 1991ರಲ್ಲಿ, ಆತನು ಗತಿಸಿ ಮೂವತ್ತು ವರ್ಷಗಳಾದ ಬಳಿಕ.

ನಮ್ಮ ದೇಶದಲ್ಲಿ ಇಂದಿಗೂ ಕಾಯಿಪಲ್ಲೆಯ ಬಹುಭಾಗವು ತಂಪಿಲ್ಲದ ಲಾರಿಗಳಲ್ಲಿಯೇ ಬರುತ್ತದೆ. ಲೂಧಿಯಾನದ ಕೇಂದ್ರೀಯ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕೊಯ್ಲಿನಿಂದ ಮಾರಾಟದವರೆಗೆ ನಷ್ಟವಾಗುವ ಟೊಮೇಟೊ ನೂರಕ್ಕೆ ಸುಮಾರು 12 ಪಾಲು, ಪೇರಳೆ ಸುಮಾರು 16 ಪಾಲು. ಯಂತ್ರವೊಂದರಿಂದಲೇ ಇದು ತೀರದು. ಲಾರಿಯ ಯಂತ್ರವು ಇದ್ದ ತಂಪನ್ನು ಕಾಯುವುದೇ ಹೊರತು, ಬಿಸಿಲಲ್ಲಿ ಕಾದ ರಾಶಿಯನ್ನು ಬೇಗನೆ ತಣಿಸಲಾರದು. ಆದುದರಿಂದ ಮುಂಜಾನೆ ಕೊಯ್ದು, ನೆರಳಿನಲ್ಲಿರಿಸಿ, ತಣಿಸಿ, ಗಾಳಿಯಾಡುವ ಪೆಟ್ಟಿಗೆಗಳಲ್ಲಿ ತುಂಬುವ ಕೆಲಸವು ಹೊಲದಲ್ಲಿಯೇ ಆಗಬೇಕು.

ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಪರಂಪರೆ ನಮ್ಮ ಪರವೂರ ಕನ್ನಡಿಗರದು. ಜೋನ್ಸನಿಗೂ ಕಾಲೇಜಿನ ಪದವಿಯಿರಲಿಲ್ಲ. ಆದರೆ ತಾನು ಮಾಡುವ ಕೆಲಸದ ಕಾರಣವನ್ನು ಅರಿಯದೆ ಬಿಡಬಾರದೆಂಬ ಛಲವಿತ್ತು. ಬೆಳಗಾಗುವ ಮೊದಲೇ ಮಾರುಕಟ್ಟೆಯಿಂದ ಬಂದ ಸೊಪ್ಪಿನ ಕಟ್ಟನ್ನು ಬಿಚ್ಚಿ ಒಲೆಯ ಬಿಸಿಯಿಂದ ದೂರವಿರಿಸುವ ಹುಡುಗನು, ಹಾಗೇಕೆ ಇರಿಸಬೇಕೆಂಬುದನ್ನೂ ತಿಳಿದುಕೊಂಡನಾದರೆ, ಅವನ ವಿದ್ಯೆಯು ಆಗಲೇ ಆರಂಭವಾಯಿತೆನ್ನಬೇಕು.