ಹುಣಸೆ ಖರ್ಜೂರವಲ್ಲ ಎಂದ ಗೋವಾದ ವೈದ್ಯ

ಹುಣಸೆಗೆ ಇಂಗ್ಲಿಷಿನಲ್ಲಿರುವ ‘ಟ್ಯಾಮರಿಂಡ್’ ಎಂಬ ಹೆಸರು ಬಂದದ್ದು ಅರಬ್ಬಿಯ ‘ತಮರ್ ಹಿಂದಿ’ಯಿಂದ. ಅಂದರೆ ಭಾರತದ ಖರ್ಜೂರ! ಸಿಪ್ಪೆ ಸುಲಿದ ಹುಣಸೆಹಣ್ಣು ಖರ್ಜೂರದ ಹಾಗೆಯೇ ಕಪ್ಪಗೆ, ಅಂಟಂಟಾಗಿ ಇರುತ್ತದಲ್ಲವೇ? ಮರವನ್ನು ಎಂದೂ ನೋಡದೆ, ದೂರದಿಂದ ಬಂದ ಒಣಹಣ್ಣನ್ನಷ್ಟೇ ಕಂಡಿದ್ದ ಯುರೋಪಿನ ವೈದ್ಯರಲ್ಲಿ ಕೆಲವರು ಇದು ಯಾವುದೋ ಕಾಡು ಖರ್ಜೂರದ ಹಣ್ಣು ಎಂದೇ ನಂಬಿದ್ದರು. ಹಾಗಲ್ಲ ಎಂದು ಮರವನ್ನೇ ನೋಡಿ ಬರೆದವರು ಗೋವಾದಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ.

ಓರ್ತಾ ಹುಟ್ಟಿದ್ದು 1501ರ ಸುಮಾರಿಗೆ, ಪೋರ್ಚುಗಲ್‌ನ ಕಾಸ್ಟೆಲೊ ದಿ ವಿದಿ ಎಂಬ ಊರಿನಲ್ಲಿ. ಹೆತ್ತವರು 1492ರಲ್ಲಿ ಸ್ಪೇನ್ ಹೊರಗಟ್ಟಿದ ಯಹೂದಿಗಳು. ಐದೇ ವರ್ಷಕ್ಕೆ ಪೋರ್ಚುಗಲ್ ಕೂಡ ಯಹೂದಿಗಳನ್ನು ಬಲವಂತವಾಗಿ ಕ್ರೈಸ್ತರನ್ನಾಗಿಸಿತು. ಮಗ ಸ್ಪೇನಿನಲ್ಲಿ ವೈದ್ಯಕೀಯ ಓದಿ, ಲಿಸ್ಬನ್‌ನಲ್ಲಿ ಪಾಠ ಹೇಳಿ, 1534ರಲ್ಲಿ ಗೋವಾಕ್ಕೆ ಹಡಗು ಹತ್ತಿದರು. ಮತ್ತೆ ತಾಯ್ನಾಡಿಗೆ ಹಿಂದಿರುಗಲಿಲ್ಲ. ಗೋವಾದ ಗವರ್ನರ್‌ಗಳಿಗೂ ಅಹಮದ್‌ನಗರದ ನಿಜಾಮ್ ಶಾಹಿ ದೊರೆಗೂ ಚಿಕಿತ್ಸೆ ಮಾಡಿದರು. ಇಲ್ಲಿನ ಹಕೀಮರು, ವೈದ್ಯರು, ವ್ಯಾಪಾರಿಗಳನ್ನು ಕೇಳಿ ಕೇಳಿ ಮದ್ದಿನ ಗಿಡಗಳ ವಿಷಯ ಕಲಿತರು.

ಅದರ ಫಲವೇ 1563ರಲ್ಲಿ ಗೋವಾದಲ್ಲಿ ಅಚ್ಚಾದ ಪುಸ್ತಕ. ಭಾರತದಲ್ಲಿ ಮುದ್ರಣಗೊಂಡ ತೀರಾ ಮೊದಲ ಪುಸ್ತಕಗಳಲ್ಲಿ ಇದೂ ಒಂದು. ಇಡೀ ಪುಸ್ತಕ ಸಂಭಾಷಣೆಯ ರೂಪದಲ್ಲಿದೆ. ರುವಾನೊ ಎಂಬ ಕಾಲ್ಪನಿಕ ವೈದ್ಯ ಹಳೆಯ ಗ್ರಂಥಗಳನ್ನು ಮುಂದಿಟ್ಟು ಪ್ರಶ್ನೆ ಕೇಳುತ್ತಾನೆ, ಓರ್ತಾ ತಾವು ಕಣ್ಣಾರೆ ಕಂಡದ್ದನ್ನು ಹೇಳುತ್ತಾರೆ. ಗ್ರೀಕ್ ವೈದ್ಯರ ಮಾತೇ ಅಂತಿಮವಾಗಿದ್ದ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ.

ಹುಣಸೆಯನ್ನು ಮಲಬಾರಿನಲ್ಲಿ ‘ಪುಳಿ’ ಎನ್ನುತ್ತಾರೆ ಎಂದು ಅವರು ದಾಖಲಿಸಿದ್ದಾರೆ (ನಮ್ಮ ‘ಹುಳಿ’ಯೂ ಅದೇ ಪದ). ರಾತ್ರಿ ಹುಣಸೆ ಎಲೆಗಳು ಮಡಚಿಕೊಳ್ಳುವುದನ್ನೂ ಗಮನಿಸಿದ್ದರು. ಎಲೆಯ ಬುಡದಲ್ಲಿರುವ ಉಬ್ಬಿನ ಜೀವಕೋಶಗಳಿಂದ ಪೊಟ್ಯಾಸಿಯಂ, ಅದರ ಬೆನ್ನಿಗೆ ನೀರು, ಒಳಗೆ ಹೊರಗೆ ಹರಿಯುವುದರಿಂದ ಹೀಗಾಗುತ್ತದೆ ಎಂದು ಈಗ ಗೊತ್ತಿದೆ. ದ್ವಿದಳ ಜಾತಿಯ ಅನೇಕ ಮರಗಳಲ್ಲಿ ಇದನ್ನು ಕಾಣಬಹುದು. ರಾತ್ರಿ ಹುಣಸೆ ಮರದಲ್ಲಿ ದೆವ್ವ ಕೂರುತ್ತದೆ ಎಂದು ಹೆದರಿಸಿದ ಅಜ್ಜಿಯರಿಗೂ ಈ ಮಡಚಿದ ಎಲೆಗಳು ಕಂಡಿರಬೇಕು!

ಹುಣಸೆ ಸೌಮ್ಯ ವಿರೇಚಕ ಎಂಬುದು ಓರ್ತಾ ಕಾಲದ ವೈದ್ಯರಿಗೂ ಚೆನ್ನಾಗಿ ಗೊತ್ತಿತ್ತು. ಇದರ ಹಿಂದಿರುವುದು ಮುಖ್ಯವಾಗಿ ಟಾರ್ಟಾರಿಕ್ ಆಮ್ಲ ಮತ್ತು ಅದರ ಪೊಟ್ಯಾಸಿಯಂ ಲವಣ. ಕರುಳು ಇವನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಉಳಿದದ್ದು ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೆದುವಾಗಿಸುತ್ತದೆ. ಹೆಚ್ಚಿನ ಹಣ್ಣುಗಳಲ್ಲಿ ಮಾಗಿದಂತೆ ಹುಳಿ ಇಳಿಯುತ್ತದೆ. ಹುಣಸೆಯಲ್ಲಿ ಸಕ್ಕರೆ ಏರುತ್ತದೆ, ಆದರೆ ಈ ಆಮ್ಲ ಅಷ್ಟಾಗಿ ಕಡಿಮೆಯಾಗುವುದಿಲ್ಲ. ಸಾರಿಗೆ ಹಣ್ಣು ಹುಣಸೆಯೂ ಹುಳಿ ಕೊಡುವುದು ಅದಕ್ಕೇ.

ಅಂದಹಾಗೆ, ಹೆಸರಿನಲ್ಲಿ ಇನ್ನೊಂದು ತಪ್ಪೂ ಉಳಿದಿದೆ. ಹುಣಸೆಯ ಮೂಲ ಆಫ್ರಿಕಾ. ಆದರೂ ಲಿನೇಯಸ್ 1753ರಲ್ಲಿ ಕೊಟ್ಟ ‘ಟ್ಯಾಮರಿಂಡಸ್ ಇಂಡಿಕಾ’ ಎಂಬ ಹೆಸರೇ ಇಂದಿಗೂ ನಡೆಯುತ್ತಿದೆ.

ಹಳೆಯ ಗ್ರಂಥಗಳನ್ನು ಬಹಿರಂಗವಾಗಿ ಪ್ರಶ್ನಿಸಿದ ಓರ್ತಾಗೆ ತಮ್ಮ ಮನೆತನದ ಧರ್ಮದ ಬಗ್ಗೆ ಬಾಯಿ ತೆರೆಯುವಂತಿರಲಿಲ್ಲ. ಪುಸ್ತಕ ಬರುವ ಮೂರು ವರ್ಷ ಮೊದಲೇ ಗೋವಾದಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಾಲಯ ಶುರುವಾಗಿತ್ತು. 1568ರಲ್ಲಿ ಅವರು ತೀರಿಕೊಂಡರು. ಮರುವರ್ಷ, ಗುಟ್ಟಾಗಿ ಯಹೂದಿ ಧರ್ಮ ಪಾಲಿಸಿದ ಆರೋಪದ ಮೇಲೆ ತಂಗಿ ಕತರೀನಾಳನ್ನು ಸುಡಲಾಯಿತು. 1580ರಲ್ಲಿ ಓರ್ತಾ ಅವರ ಮೂಳೆಗಳನ್ನೂ ಸಮಾಧಿಯಿಂದ ತೆಗೆದು ಸುಟ್ಟರು. ಅಷ್ಟರಲ್ಲಿ ಸಸ್ಯವಿಜ್ಞಾನಿ ಕ್ಲೂಸಿಯಸ್ 1567ರಲ್ಲೇ ಹೊರತಂದಿದ್ದ ಲ್ಯಾಟಿನ್ ಸಂಗ್ರಹದ ಮೂಲಕ ಅವರ ಪುಸ್ತಕದ ಸಾರ ಯುರೋಪಿನ ವೈದ್ಯರ ಕೈ ಸೇರಿಯಾಗಿತ್ತು.