ಸಂಸ್ಥಾಶಿಲ್ಪಿ ವಿಶ್ವೇಶ್ವರಯ್ಯ

ಕೆಲವರ ಹಿರಿಮೆ ಅವರು ಬದುಕಿದ್ದಾಗ ಪಡೆದ ಪದವಿಗಳಿಂದ ಬೆಳಗುತ್ತದೆ. ಮತ್ತೆ ಕೆಲವರ ಹಿರಿಮೆ ಅವರು ಕಣ್ಮರೆಯಾದ ಮೇಲೂ ನಡೆಯುತ್ತಿರುವ ಕೆಲಸದಿಂದ ಬೆಳಗುತ್ತದೆ. ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಈ ಎರಡನೆಯ ವರ್ಗಕ್ಕೆ ಸೇರಿದವರು. ಅವರ ಹೆಸರು ಕೇಳಿದೊಡನೆ ನಮ್ಮ ಕಣ್ಣಮುಂದೆ ಬರುವುದು ಕೃಷ್ಣರಾಜಸಾಗರದ ಭವ್ಯವಾದ ಅಣೆಕಟ್ಟು. ಆದರೆ ಕಲ್ಲು ಗಾರೆಗಳಿಂದ ಕಟ್ಟಿದ ಕಟ್ಟಡಗಳಷ್ಟೇ ಅವರ ಕೊಡುಗೆಯಲ್ಲ. ವಿದ್ಯೆಯನ್ನೂ ಸಂಶೋಧನೆಯನ್ನೂ ಉದ್ಯಮವನ್ನೂ ನಡೆಸುವ ಸಂಸ್ಥೆಗಳನ್ನು ಅವರು ಕಟ್ಟಿದರು. ಕಟ್ಟಿದ ಸಂಸ್ಥೆಗಳನ್ನು ಹೇಗೆ ನಡೆಸಬೇಕೆಂಬುದನ್ನು ತಮ್ಮ ನಡತೆಯಿಂದಲೇ ತೋರಿಸಿಕೊಟ್ಟರು.

ವಿಶ್ವೇಶ್ವರಯ್ಯನವರ ಹುಟ್ಟೂರು ಚಿಕ್ಕಬಳ್ಳಾಪುರದ ಸಮೀಪದಲ್ಲಿರುವ ಮುದ್ದೇನಹಳ್ಳಿ. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಈ ಗ್ರಾಮವು 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಇವೆಲ್ಲ ಮಳೆಯನ್ನೇ ನಂಬಿ ಬದುಕುವ ಸೀಮೆಗಳು. ಇಲ್ಲಿ ವರ್ಷವಿಡೀ ತುಂಬಿ ಹರಿಯುವ ಹೊಳೆಯಿಲ್ಲ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನ ಕಡೆಗೆ ಸಾಗುವ ಉತ್ತರ ಪಿನಾಕಿನಿಯೂ ಮಳೆಗಾಲ ಕಳೆದರೆ ಮರಳಿನ ಹಾಸಾಗುತ್ತದೆ. ಕೆರೆ ತುಂಬಿದರೆ ಬೆಳೆ, ಬತ್ತಿದರೆ ಬರ. ಕಡಲಿನಿಂದ ಬಹುದೂರದ ಇಂತಹ ಒಳನಾಡಿನಲ್ಲಿ 1861ರ ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರು ಜನಿಸಿದರು. ನೀರಿನ ಬೆಲೆಯನ್ನು ಅವರು ಎಳವೆಯಲ್ಲಿಯೇ ಕಂಡುಂಡವರು.

ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆಯಲ್ಲಿ ಸಿರಿಯಿರಲಿಲ್ಲ, ಆದರೆ ವಿದ್ಯೆಯ ಗೌರವವಿತ್ತು. ಚಿಕ್ಕಬಳ್ಳಾಪುರದಲ್ಲಿ ಮೊದಲ ವಿದ್ಯಾಭ್ಯಾಸ ನಡೆಯಿತು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನು ಸೋದರಮಾವನ ಆಶ್ರಯದಲ್ಲಿ ಬೆಂಗಳೂರಿಗೆ ಬಂದನು. ಅನುಕೂಲಸ್ಥರ ಮಕ್ಕಳಿಗೆ ಮನೆಪಾಠ ಹೇಳಿ ತನ್ನ ಓದಿನ ವೆಚ್ಚವನ್ನು ತಾನೇ ಸಂಪಾದಿಸಿಕೊಂಡನು. ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿಯನ್ನು ಗಳಿಸಿದನು. ಆಗ ಮೈಸೂರು ಸಂಸ್ಥಾನದ ಕಾಲೇಜುಗಳೆಲ್ಲ ಮದರಾಸು ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದವು. ಈ ನಾಡಿನ ವಿದ್ಯಾರ್ಥಿ ಏನನ್ನು ಓದಬೇಕು, ಹೇಗೆ ಪರೀಕ್ಷೆಗೆ ಕೂರಬೇಕು ಎಂಬುದೆಲ್ಲ ಅಲ್ಲಿಯೇ ನಿರ್ಧಾರವಾಗುತ್ತಿತ್ತು. ಈ ಪರಾಧೀನತೆಯನ್ನು ಮುಂದೊಂದು ದಿನ ನೀಗಿಸುವ ಭಾರ ಈ ಬಡ ವಿದ್ಯಾರ್ಥಿಯ ಹೆಗಲಿಗೇ ಬೀಳಲಿತ್ತು.

ಮೈಸೂರು ಸರ್ಕಾರದ ವಿದ್ಯಾರ್ಥಿವೇತನವನ್ನು ಪಡೆದು ವಿಶ್ವೇಶ್ವರಯ್ಯನವರು ಪುಣೆಯ ವಿಜ್ಞಾನ ಕಾಲೇಜನ್ನು ಸೇರಿದರು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿದರು. ಮರುವರ್ಷವೇ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರಾದರು. ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಸಿಂಧೂ ನದಿಯಿಂದ ಶುದ್ಧ ನೀರು ದೊರೆಯುವಂತೆ ಮಾಡಿದರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಅಳವಡಿಸಿದರು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಹಿಡಿದಿಡಲು ಇದರಿಂದ ಸಾಧ್ಯವಾಯಿತು.

1906ರಲ್ಲಿ ಸರ್ಕಾರವು ಅವರನ್ನು ಅರಬ್ಬೀ ಸಮುದ್ರದಾಚೆಯ ಏಡನ್ ಬಂದರಿಗೆ ಕಳುಹಿಸಿತು. ಅಲ್ಲಿ ಮೂರು ಕಡೆಯಲ್ಲಿಯೂ ಕಡಲು. ಕುಡಿಯಲು ಮಾತ್ರ ನೀರಿಲ್ಲ. ವಿಶ್ವೇಶ್ವರಯ್ಯನವರು ಅವಸರದ ಸಲಹೆಯನ್ನು ಕೊಡಲಿಲ್ಲ. ಕರಾವಳಿಯನ್ನು ಬಿಟ್ಟು ಒಳನಾಡಿನತ್ತ ಹೋಗಿ ಮಳೆಯ ಪ್ರಮಾಣವನ್ನೂ ನೆಲದ ಸ್ವರೂಪವನ್ನೂ ಪರಿಶೀಲಿಸಿದರು. ಒಣಗಿದಂತೆ ಕಾಣುವ ನದೀಪಾತ್ರದ ಮರಳಿನ ಕೆಳಗೆ ನೀರು ಹರಿಯುತ್ತಿರುವುದನ್ನು ಗುರುತಿಸಿ, ಅಲ್ಲಿ ಬಾವಿಗಳನ್ನು ತೋಡಿ ಬಂದರಿಗೆ ನೀರನ್ನು ತರಬೇಕೆಂದು ಸೂಚಿಸಿದರು. ಪಟ್ಟಣದ ಕೊಳಚೆಯನ್ನು ಸಾಗಿಸುವ ಯೋಜನೆಯನ್ನೂ ಸಿದ್ಧಪಡಿಸಿದರು. ಮೊದಲು ಅಳತೆ, ಆಮೇಲೆ ಆಲೋಚನೆ, ಕೊನೆಯಲ್ಲಿ ಕಾರ್ಯ—ಇದು ಅವರ ಜೀವನದ ಕ್ರಮವೇ ಆಗಿತ್ತು.

1898ರಲ್ಲಿ ಅವರು ಕೈಗೊಂಡ ಜಪಾನ್ ಪ್ರವಾಸವು ಅವರ ಮನಸ್ಸಿನ ಮೇಲೆ ಆಳವಾದ ಪರಿಣಾಮವನ್ನುಂಟುಮಾಡಿತ್ತು. ನಾಲ್ಕು ಕಡೆಯೂ ಸಮುದ್ರದಿಂದ ಆವೃತವಾದ ಆ ಸಣ್ಣ ದೇಶವು ಕೆಲವೇ ದಶಕಗಳಲ್ಲಿ ಬಲಿಷ್ಠ ರಾಷ್ಟ್ರಗಳ ಸಾಲಿನಲ್ಲಿ ನಿಂತಿತ್ತು. ಅದರ ಏಳಿಗೆಯ ಗುಟ್ಟು ಶಾಲೆಗಳಲ್ಲಿ, ಕಾರ್ಖಾನೆಗಳಲ್ಲಿ, ಶಿಸ್ತಿನಿಂದ ನಡೆಯುವ ಸಂಸ್ಥೆಗಳಲ್ಲಿ ಇದೆಯೆಂಬುದನ್ನು ಅವರು ಕಂಡುಕೊಂಡರು. ತಮ್ಮ ನಾಡಿಗೂ ಇದೇ ದಾರಿಯೆಂದು ನಿಶ್ಚಯಿಸಿದರು.

ಹೈದರಾಬಾದಿನಲ್ಲಿ ಮೂಸಿ ನದಿಯ ಪ್ರವಾಹವನ್ನು ತಡೆಯುವ ಯೋಜನೆಯನ್ನು ರೂಪಿಸಿಕೊಟ್ಟ ಬಳಿಕ, 1909ರಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿ ಬಂದರು. 1911ರಲ್ಲಿ ಕನ್ನಂಬಾಡಿಯ ಅಣೆಕಟ್ಟಿನ ಕೆಲಸ ಮೊದಲಾಯಿತು. ಅದೇ ವರ್ಷ ಅವರ ಸಲಹೆಯ ಮೇರೆಗೆ ಮೈಸೂರು ಆರ್ಥಿಕ ಸಮ್ಮೇಳನವೂ ಆರಂಭಗೊಂಡಿತು. ಅಧಿಕಾರಿಗಳೂ ಜನರೂ ಒಂದೆಡೆ ಕಲೆತು ಕೃಷಿ, ಕೈಗಾರಿಕೆ, ಶಿಕ್ಷಣಗಳ ಸ್ಥಿತಿಯನ್ನು ಚರ್ಚಿಸುವ ವೇದಿಕೆ ಅದಾಗಿತ್ತು. 1912ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ವಿಶ್ವೇಶ್ವರಯ್ಯನವರನ್ನು ದಿವಾನರನ್ನಾಗಿ ನೇಮಿಸಿದರು. ಅಧಿಕಾರವನ್ನು ವಹಿಸಿಕೊಳ್ಳುವ ಮೊದಲು ಬಂಧುಬಳಗದವರನ್ನು ಕರೆದು, ಯಾರೂ ತಮ್ಮ ಬಳಿ ಶಿಫಾರಸು ತರಬಾರದೆಂದು ಅವರು ಕೇಳಿಕೊಂಡರೆಂದು ಜನ ಇಂದಿಗೂ ಹೇಳುತ್ತಾರೆ.

ಸ್ವಂತ ವಿಶ್ವವಿದ್ಯಾನಿಲಯವಿಲ್ಲದ ನಾಡು ತನ್ನ ಬುದ್ಧಿಯನ್ನು ಪರರ ಮನೆಯಲ್ಲಿ ಅಡವಿಟ್ಟಂತೆ ಎಂಬುದು ಅವರ ಭಾವನೆಯಾಗಿತ್ತು. ಆದರೆ ಕೆಲಸ ಸುಲಭವಾಗಿರಲಿಲ್ಲ. ಅಲ್ಲಿಯವರೆಗೆ ಭಾರತದ ಯಾವ ದೇಶೀಯ ಸಂಸ್ಥಾನವೂ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿರಲಿಲ್ಲ. ಸಣ್ಣ ಸಂಸ್ಥಾನಕ್ಕೆ ಇಷ್ಟು ದೊಡ್ಡ ಹೊರೆ ಬೇಕೆ, ಅದರ ಪದವಿಗಳಿಗೆ ಹೊರಗೆ ಮನ್ನಣೆ ದೊರೆಯುವುದೆ ಎಂಬ ಸಂಶಯಗಳು ಎದ್ದವು. ಇಂತಹ ಸಂಶಯಗಳಿಗೆ ವಾದದಿಂದಲ್ಲ, ಸಿದ್ಧತೆಯಿಂದ ಉತ್ತರ ಕೊಡಬೇಕಾಗಿತ್ತು. ಥಾಮಸ್ ಡೆನ್‌ಹ್ಯಾಮ್ ಮತ್ತು ಸಿ. ಆರ್. ರೆಡ್ಡಿ ಎಂಬ ವಿದ್ವಾಂಸರು ಹೊರದೇಶಗಳ ವಿಶ್ವವಿದ್ಯಾನಿಲಯಗಳ ವ್ಯವಸ್ಥೆಯನ್ನು ಅಭ್ಯಸಿಸಿದ್ದರು. ಅವರ ಅನುಭವ ಈ ಕಾರ್ಯಕ್ಕೆ ನೆರವಾಯಿತು. ಮಹಾರಾಜರ ಬೆಂಬಲ ಅಚಲವಾಗಿತ್ತು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾಯಿತು.

ಈ ಸಂಸ್ಥೆಯ ಆಡಳಿತವನ್ನು ರೂಪಿಸಿದ ರೀತಿ ಗಮನಾರ್ಹವಾದುದು. ಮಹಾರಾಜರು ಕುಲಾಧಿಪತಿಗಳಾದರು, ವಿದ್ವಾಂಸರೂ ಅನುಭವಿ ಆಡಳಿತಗಾರರೂ ಆಗಿದ್ದ ಎಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳಾದರು. ಆಡಳಿತಕ್ಕೆ ಕೌನ್ಸಿಲ್ ಎಂಬ ಮಂಡಲಿ, ವಿಶಾಲವಾದ ಚರ್ಚೆಗೆ ಸೆನೆಟ್ ಎಂಬ ಸಭೆ ಏರ್ಪಟ್ಟವು. ಸಂಸ್ಥೆಯನ್ನು ಹುಟ್ಟುಹಾಕಿದವನ ಇಷ್ಟಾನಿಷ್ಟಗಳಿಂದ ಸಂಸ್ಥೆ ನಡೆಯಬಾರದು, ನಿಯಮಗಳಿಂದ ನಡೆಯಬೇಕು. ವ್ಯಕ್ತಿ ಬದಲಾದರೂ ನಿಯಮ ಉಳಿಯುತ್ತದೆ; ನಿಯಮ ಉಳಿದರೆ ಸಂಸ್ಥೆ ಬಾಳುತ್ತದೆ. ವಿಶ್ವೇಶ್ವರಯ್ಯನವರ ಸಂಸ್ಥಾನಿರ್ಮಾಣದ ತಿರುಳು ಇದೇ.

ಅವರ ದಿವಾನಗಿರಿಯ ಕಾಲದಲ್ಲಿ ಇನ್ನೂ ಅನೇಕ ಸಂಸ್ಥೆಗಳು ತಲೆಯೆತ್ತಿದವು. 1913ರಲ್ಲಿ ಮೈಸೂರು ಬ್ಯಾಂಕೂ ಹೆಬ್ಬಾಳದ ಕೃಷಿ ಶಾಲೆಯೂ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೂ ಆರಂಭವಾದವು. ಶ್ರೀಗಂಧದ ಎಣ್ಣೆಯ ಕಾರ್ಖಾನೆಗಳು ಹುಟ್ಟಿಕೊಂಡವು. ರೇಷ್ಮೆ ಕೃಷಿಗೆ ವೈಜ್ಞಾನಿಕ ನೆರವು ದೊರೆಯಿತು. ಅವರ ಹುಟ್ಟೂರಿನ ನೆರೆಯ ಶಿಡ್ಲಘಟ್ಟವು ಮುಂದೆ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾಯಿತು. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಮಹಾವಿದ್ಯಾಲಯವೇ ಸ್ಥಾಪನೆಯಾಯಿತು. ಬರದ ಸೀಮೆಯ ರೈತನಿಗೆ ಶಾಸ್ತ್ರಜ್ಞಾನ ಬಲವಾಗಬೇಕೆಂಬ ಆಶಯ ಹೀಗೆ ಫಲ ಕೊಟ್ಟಿತು.

ಆಗಿನ ಮೈಸೂರು ಸಂಸ್ಥಾನಕ್ಕೆ ಒಂದು ದೊಡ್ಡ ಕೊರತೆಯಿತ್ತು. ಅದಕ್ಕೆ ಕಡಲತೀರವಿರಲಿಲ್ಲ. ನಾಡಿನ ಸರಕು ಹೊರದೇಶಕ್ಕೆ ಹೋಗಬೇಕಾದರೆ ಪರರ ಬಂದರುಗಳನ್ನೇ ಆಶ್ರಯಿಸಬೇಕಾಗಿತ್ತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಭಟ್ಕಳದಲ್ಲಿ ಬಂದರೊಂದನ್ನು ಬೆಳೆಸಿ, ಮಲೆನಾಡಿನ ಮೂಲಕ ರೈಲುಮಾರ್ಗವನ್ನು ಅಲ್ಲಿಗೆ ಜೋಡಿಸಬೇಕೆಂದು ವಿಶ್ವೇಶ್ವರಯ್ಯನವರು ಪ್ರಯತ್ನಿಸಿದರು. ಆದರೆ ಆ ನೆಲ ಸಂಸ್ಥಾನದ ಕೈಯಲ್ಲಿರಲಿಲ್ಲ. ಯೋಜನೆ ಅವರ ಕಾಲದಲ್ಲಿ ಕೈಗೂಡಲಿಲ್ಲ. ಒಳನಾಡಿನಲ್ಲಿ ಹುಟ್ಟಿದ ಅವರ ದೃಷ್ಟಿ ಕಡಲಿನವರೆಗೂ ಚಾಚಿತ್ತೆಂಬುದಕ್ಕೆ ಈ ಪ್ರಯತ್ನವೇ ಸಾಕ್ಷಿ.

1918ರಲ್ಲಿ ಅವರ ಬಾಳಿನಲ್ಲಿ ಕಠಿಣವಾದ ಘಳಿಗೆಯೊಂದು ಬಂದಿತು. ಶಿಕ್ಷಣದಿಂದಲೂ ಸರ್ಕಾರಿ ಹುದ್ದೆಗಳಿಂದಲೂ ಬಹುಕಾಲ ದೂರ ಉಳಿದಿದ್ದ ಹಿಂದುಳಿದ ಸಮುದಾಯಗಳು ತಮಗೂ ಆಡಳಿತದಲ್ಲಿ ಪಾಲು ಬೇಕೆಂದು ಕೇಳಿದ್ದವು. ಅವರ ಅಹವಾಲನ್ನು ಪರಿಶೀಲಿಸಲು ಮಹಾರಾಜರು ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಶಿಕ್ಷಣವನ್ನು ವಿಸ್ತರಿಸಿ ಎಲ್ಲರನ್ನೂ ಮೇಲೆತ್ತಬೇಕು, ನೇಮಕಕ್ಕೆ ಮಾತ್ರ ಅರ್ಹತೆಯೊಂದೇ ಅಳತೆಯಾಗಿರಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಬಾಗಿಲು ಮುಚ್ಚಿದ್ದ ಕಡೆ ಅದನ್ನು ಮೊದಲು ತೆರೆಯಬೇಕು ಎಂಬುದು ಮಹಾರಾಜರ ನಿಲುವು. ತಮ್ಮ ಮನಸ್ಸು ಒಪ್ಪದ ನೀತಿಯನ್ನು ಹುದ್ದೆಯ ಆಸೆಗಾಗಿ ನಡೆಸಲು ವಿಶ್ವೇಶ್ವರಯ್ಯನವರು ಸಿದ್ಧರಿರಲಿಲ್ಲ. ಹುದ್ದೆಯಲ್ಲಿದ್ದುಕೊಂಡು ಅದಕ್ಕೆ ಅಡ್ಡಿಯಾಗಲೂ ಅವರು ಬಯಸಲಿಲ್ಲ. ದಿವಾನ ಪದವಿಯನ್ನೇ ತ್ಯಜಿಸಿದರು. ಸಮಿತಿಯ ಶಿಫಾರಸುಗಳು ಕೆಲವು ವರ್ಷಗಳಲ್ಲಿ ಜಾರಿಗೆ ಬಂದವು. ಸಾಮಾಜಿಕ ನ್ಯಾಯದ ಇತಿಹಾಸದಲ್ಲಿ ಅವಕ್ಕೆ ಹಿರಿದಾದ ಸ್ಥಾನ ದೊರೆಯಿತು. ಅವರು ಸ್ಥಾಪಿಸಿದ ಶಾಲಾ ಕಾಲೇಜುಗಳ ಬಾಗಿಲುಗಳು ಹೀಗೆ ಹೆಚ್ಚು ಜನರಿಗೆ ತೆರೆದುಕೊಂಡವು. ದಿವಾನರು ಹೊರಟುಹೋದರೂ ಸಂಸ್ಥೆಗಳು ನಿಲ್ಲಲಿಲ್ಲ.

ಪದವಿಯನ್ನು ಬಿಟ್ಟ ಮೇಲೂ ನಾಡು ಕರೆದಾಗ ಅವರು ಬಾರದೆ ಇರಲಿಲ್ಲ. ನಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಲಿಗೆ 1923ರಿಂದ 1929ರವರೆಗೆ ಅಧ್ಯಕ್ಷರಾಗಿದ್ದು ಅದನ್ನು ಹದಕ್ಕೆ ತಂದರು. ಈ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಯುವಕರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ವಿನಿಯೋಗಿಸಬೇಕೆಂದರು. ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಆ ಸಂಸ್ಥೆಗೆ ತಮ್ಮ ಹೆಸರನ್ನು ಇಡಗೊಡದೆ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಇಡಿಸಿದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವು ಜಮ್‌ಷೆಡ್‌ಜಿ ಟಾಟಾ ಅವರ ದಾನದಿಂದಲೂ ಮೈಸೂರು ಸರ್ಕಾರವು ಕೊಟ್ಟ ಭೂಮಿಯಿಂದಲೂ ಹುಟ್ಟಿದ ಸಂಶೋಧನಾ ಸಂಸ್ಥೆ. ಕೋರ್ಟ್ ಎಂದು ಕರೆಯಲಾಗುವ ಅದರ ಮಹಾಸಭೆಗೆ ವಿಶ್ವೇಶ್ವರಯ್ಯನವರು 1938ರಿಂದ 1947ರವರೆಗೆ ಅಧ್ಯಕ್ಷರಾಗಿದ್ದರು. ಆಗ ಅವರ ವಯಸ್ಸು ಎಪ್ಪತ್ತೈದನ್ನು ದಾಟಿತ್ತು. ಸಂಶೋಧನೆಯ ಫಲ ದೇಶದ ಉದ್ಯಮಗಳಿಗೂ ಒದಗಬೇಕೆಂಬುದು ಅವರ ಹಂಬಲ. ಈ ಅವಧಿಯಲ್ಲಿ, 1942ರಲ್ಲಿ, ವಿಮಾನಶಾಸ್ತ್ರದ ವಿಭಾಗವು ಅಲ್ಲಿ ಆರಂಭವಾಯಿತು. ಸಭೆಗೆ ಬರುವ ಮೊದಲು ಕಾಗದಪತ್ರಗಳನ್ನು ಪೂರ್ತಿಯಾಗಿ ಓದುವುದು, ನಿಗದಿಯಾದ ವೇಳೆಗೆ ಸರಿಯಾಗಿ ಹಾಜರಾಗುವುದು, ಅಂಕಿ ಅಂಶಗಳ ಆಧಾರವಿಲ್ಲದೆ ಮಾತನಾಡದಿರುವುದು—ಇವು ಅವರ ಎಂದಿನ ಅಭ್ಯಾಸಗಳು. ದೊಡ್ಡ ಸಂಸ್ಥೆಗಳು ಇಂತಹ ಸಣ್ಣ ಅಭ್ಯಾಸಗಳಿಂದಲೇ ನಡೆಯುತ್ತವೆ.

1955ರಲ್ಲಿ ಭಾರತ ಸರ್ಕಾರವು ಅವರಿಗೆ ಭಾರತರತ್ನ ಪ್ರಶಸ್ತಿಯನ್ನಿತ್ತು ಗೌರವಿಸಿತು. ಮರುವರ್ಷ ಕನ್ನಡ ನಾಡುಗಳು ಒಂದಾದಾಗ ಉತ್ತರ ಕನ್ನಡ, ದಕ್ಷಿಣ ಕನ್ನಡಗಳ ಉದ್ದವಾದ ಕಡಲತೀರವು ಮೈಸೂರು ರಾಜ್ಯಕ್ಕೆ ಸೇರಿತು. ತಾವು ದಿವಾನರಾಗಿದ್ದಾಗ ಬಯಸಿದ್ದ ಕಡಲ ಬಾಗಿಲು ನಾಡಿಗೆ ತೆರೆದುದನ್ನು ಅವರು ಬದುಕಿದ್ದು ಕಂಡರು. 1962ರ ಏಪ್ರಿಲ್ ತಿಂಗಳಿನಲ್ಲಿ, ನೂರು ವರ್ಷಗಳ ತುಂಬು ಜೀವನವನ್ನು ಮುಗಿಸಿ ಅವರು ಕಣ್ಮುಚ್ಚಿದರು. ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿಯೇ ಅವರ ಸಮಾಧಿಯಿದೆ.

ಅವರ ಕಾಲಾನಂತರ ಆ ಸಂಸ್ಥೆಗಳ ಕೊಂಬೆಗಳು ಕಡಲತೀರವನ್ನೂ ಮುಟ್ಟಿದವು. ಮೈಸೂರು ವಿಶ್ವವಿದ್ಯಾನಿಲಯವು 1968ರಲ್ಲಿ ಮಂಗಳೂರಿನ ಬಳಿ ಸ್ನಾತಕೋತ್ತರ ಕೇಂದ್ರವೊಂದನ್ನು ತೆರೆಯಿತು. ಮಂಗಳಗಂಗೋತ್ರಿ ಎಂಬ ಆ ಕೇಂದ್ರವೇ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಕಡಲಿನ ಭೂವಿಜ್ಞಾನವನ್ನು ಅಭ್ಯಸಿಸುವ ವಿಭಾಗವೂ ಅಲ್ಲಿ ಬೆಳೆಯಿತು. ಹೆಬ್ಬಾಳದ ಕೃಷಿ ಶಾಲೆಯು 1946ರಲ್ಲಿ ಕಾಲೇಜಾಯಿತು. 1964ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯಕ್ಕೆ ಹೆಬ್ಬಾಳವೇ ನೆಲೆಯಾಯಿತು. ಆ ವಿಶ್ವವಿದ್ಯಾನಿಲಯವು 1969ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕೆಯ ಕಾಲೇಜನ್ನು ಸ್ಥಾಪಿಸಿತು. ದೇಶದಲ್ಲಿಯೇ ಈ ಬಗೆಯ ಮೊದಲ ಕಾಲೇಜು ಅದು. ಮುಂದೆ ಅದರ ಆಡಳಿತವು ಬೀದರಿನ ವಿಶ್ವವಿದ್ಯಾನಿಲಯಕ್ಕೆ ವರ್ಗವಾಯಿತು. ಆದರೂ ಅದರ ಕೆಲಸ ನಿಲ್ಲಲಿಲ್ಲ. ಮೀನಿನ ಸಂತತಿ, ನೀರಿನ ಗುಣ, ತೀರದ ಮರಳು ಇವುಗಳನ್ನು ಅಳೆದು ಅರಿಯುವ ವಿದ್ಯೆ ಹೀಗೆ ನಮ್ಮ ನಾಡಿನಲ್ಲಿ ನೆಲೆಗೊಂಡಿತು.

ನಂದಿಯ ಸುತ್ತಮುತ್ತ ಬಿದ್ದ ಮಳೆಯ ಹನಿ ಕೆರೆಯಿಂದ ಕೆರೆಗೆ, ಹೊಳೆಯಿಂದ ಹೊಳೆಗೆ ಸಾಗಿ ಕೊನೆಗೆ ಕಡಲನ್ನು ಸೇರುತ್ತದೆ. ನಡುವೆ ಒಂದು ಕೆರೆಯ ಏರಿ ಒಡೆದರೂ ಆ ನೀರು ವ್ಯರ್ಥವಾಗುತ್ತದೆ. ಏರಿಯನ್ನು ಕಾಯುವುದು ಒಬ್ಬನ ಕೆಲಸವಲ್ಲ, ಊರಿನ ಕೆಲಸ. ವಿದ್ಯಾಸಂಸ್ಥೆಗಳೂ ಹಾಗೆಯೇ. ಒಬ್ಬರು ಕಟ್ಟಿದುದನ್ನು ಮುಂದಿನವರು ಶಿಸ್ತಿನಿಂದಲೂ ಪ್ರಾಮಾಣಿಕತೆಯಿಂದಲೂ ಕಾಪಾಡಬೇಕು. ತಮಗೆ ಒಪ್ಪಿಸಿದ ಕೆಲಸ ಚಿಕ್ಕದಿರಲಿ ದೊಡ್ಡದಿರಲಿ, ಅದನ್ನು ಹೊತ್ತಿಗೆ ಸರಿಯಾಗಿ, ಲೆಕ್ಕಕ್ಕೆ ಸರಿಯಾಗಿ ಮಾಡುವ ಪ್ರತಿಯೊಬ್ಬ ವಿದ್ಯಾರ್ಥಿಯೂ ವಿಶ್ವೇಶ್ವರಯ್ಯನವರ ಪರಂಪರೆಗೆ ಸೇರಿದವನೇ ಆಗುತ್ತಾನೆ.